ಪಕ್ಕದ ಪುಸ್ತಕವೇ ಮುಖ್ಯ

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಿಂದ ಉತ್ತರಕ್ಕೆ ಸ್ವಲ್ಪ ನಡೆದರೆ ವೋಬರ್ನ್ ಸ್ಕ್ವೇರ್ ಸಿಗುತ್ತದೆ. ಮ್ಯೂಸಿಯಂನ ಕಂಬಗಳ ಠೀವಿ ಇಲ್ಲಿಲ್ಲ. ಚಾರ್ಲ್ಸ್ ಹೋಲ್ಡನ್ ರೂಪಿಸಿದ, 1958ರ ಇಟ್ಟಿಗೆ ಕಟ್ಟಡವೊಂದಿದೆ. ಯಾವುದೋ ಸರ್ಕಾರಿ ಕಚೇರಿಯಿರಬೇಕು ಎಂದುಕೊಂಡು ಮುಂದೆ ಹೋಗಿಬಿಡಬಹುದು. ವಾರ್ಬರ್ಗ್ ಇನ್‌ಸ್ಟಿಟ್ಯೂಟ್ ಇರುವುದು ಇದರಲ್ಲೇ.

ಬಾಗಿಲಲ್ಲಿ ಒಂದು ಲಾಂಛನವಿದೆ. ಸೆವಿಲ್‌ನ ಇಸಿಡೋರನ ಗ್ರಂಥ 1472ರಲ್ಲಿ ಅಚ್ಚಾದಾಗ ಅದರಲ್ಲಿದ್ದ ಮರದಚ್ಚಿನ ಚಿತ್ರ ಅದು. ಒಂದಕ್ಕೊಂದು ಹೆಣೆದುಕೊಂಡ ವೃತ್ತಗಳು. ಅವುಗಳಲ್ಲಿ ನಾಲ್ಕು ಭೂತ, ನಾಲ್ಕು ಋತು, ದೇಹದ ನಾಲ್ಕು ದ್ರವ. ನಮ್ಮ ಲೆಕ್ಕದಲ್ಲಿ ಭೂತ ಒಂದು ಕಡಿಮೆ, ಋತು ಎರಡು ಕಡಿಮೆ. ಒಳಬಾಗಿಲ ಮೇಲೆ ಗ್ರೀಕ್ ಅಕ್ಷರಗಳಲ್ಲಿ ನೆನಪಿನ ದೇವತೆ ಮ್ನೆಮೊಸಿನೆಯ ಹೆಸರು. 2024ರಲ್ಲಿ ಮುಗಿದ ನವೀಕರಣದಲ್ಲಿ ನೆಲಮಹಡಿಗೆ ಪ್ರದರ್ಶನಶಾಲೆಯೊಂದು ಬಂದಿದೆ. ಅಂಗಳವಿದ್ದ ಜಾಗದಲ್ಲಿ ಹೊಸ ಸಭಾಂಗಣ ಎದ್ದಿದೆ. ಎರಡೂ ಚೆನ್ನಾಗಿವೆ, ಆದರೆ ಅವಕ್ಕಾಗಿ ಇಷ್ಟು ದೂರ ಬರಬೇಕಿಲ್ಲ. ಮೆಟ್ಟಿಲು ಹತ್ತಬೇಕು.

ಮಹಡಿಗಳಿಗೆ ಇಲ್ಲಿ ನಂಬರಿಗಿಂತ ಹೆಸರು ಮುಖ್ಯ: ಚಿತ್ರ, ಪದ, ದಿಕ್ಕು, ಕ್ರಿಯೆ. ಕಲೆಯೆಲ್ಲ ಮೊದಲನೆಯದರಲ್ಲಿ, ಭಾಷೆ ಸಾಹಿತ್ಯಗಳು ಎರಡನೆಯದರಲ್ಲಿ, ಇತಿಹಾಸ ಮತ್ತು ಸಮಾಜ ಕೊನೆಯದರಲ್ಲಿ. ನಡುವಿನ ‘ದಿಕ್ಕು’ ಎಂಬುದು ತುಸು ವಿಚಿತ್ರ. ಧರ್ಮ, ತತ್ವಶಾಸ್ತ್ರ, ಮಾಟಮಂತ್ರ, ಜ್ಯೋತಿಷ, ಖಗೋಳ ವಿಜ್ಞಾನ ಎಲ್ಲವೂ ಅಲ್ಲಿ ಒಟ್ಟಿಗಿವೆ. ಈ ವಿಶ್ವದಲ್ಲಿ ತಾನೆಲ್ಲಿ ನಿಂತಿದ್ದೇನೆ ಎಂದು ಮನುಷ್ಯ ಮಂತ್ರದಿಂದಲೂ ಹುಡುಕಿದ, ಗಣಿತದಿಂದಲೂ ಹುಡುಕಿದ. ಹುಡುಕಾಟ ಒಂದೇ ಆದ್ದರಿಂದ ಕಪಾಟೂ ಒಂದೇ ಇರಲಿ ಎಂಬುದು ಸ್ಥಾಪಕನ ವಾದ.

ಆ ಸ್ಥಾಪಕ ಆಬಿ ವಾರ್ಬರ್ಗ್, ಹ್ಯಾಂಬರ್ಗಿನ ಯೆಹೂದಿ ಬ್ಯಾಂಕರ್ ಮನೆತನದ ಹಿರಿಯ ಮಗ, 1866ರಲ್ಲಿ ಹುಟ್ಟಿದವನು. ಹದಿಮೂರನೆಯ ವಯಸ್ಸಿನಲ್ಲಿ ತಮ್ಮ ಮ್ಯಾಕ್ಸ್‌ನನ್ನು ಕೂರಿಸಿಕೊಂಡು ಒಂದು ಕರಾರು ಮಾಡಿಕೊಂಡನಂತೆ: ಬ್ಯಾಂಕಿನ ಹಿರಿತನ ನಿನಗೆ, ನಾನು ಕೇಳಿದ ಪುಸ್ತಕವನ್ನೆಲ್ಲ ಕೊಡಿಸುವ ಹೊಣೆಯೂ ನಿನಗೆ. ತಮ್ಮ ಒಪ್ಪಿದ. ಮಗುವಿನ ಮಾತೆಂದು ಒಪ್ಪಿದ್ದು ಕೊನೆಯವರೆಗೂ ಬಿಲ್ಲಾಗಿ ಬರುತ್ತಲೇ ಇತ್ತು. 1926ರಲ್ಲಿ ಹ್ಯಾಂಬರ್ಗಿನಲ್ಲಿ ಗ್ರಂಥಾಲಯಕ್ಕೆಂದೇ ಕಟ್ಟಿದ ಮನೆಯೂ ತೆರೆಯಿತು. 1929ರಲ್ಲಿ ವಾರ್ಬರ್ಗ್ ತೀರಿಕೊಂಡ. ನಾತ್ಸಿಗಳು ಅಧಿಕಾರಕ್ಕೆ ಬಂದ 1933ರ ಡಿಸೆಂಬರಿನಲ್ಲಿ ಅವನ ಉತ್ತರಾಧಿಕಾರಿ ಫ್ರಿಟ್ಸ್ ಸಾಕ್ಸ್ಲ್ ಮತ್ತು ಸಹೋದ್ಯೋಗಿ ಗೆರ್ಟ್ರೂಡ್ ಬಿಂಗ್ ಸುಮಾರು 60,000 ಪುಸ್ತಕಗಳನ್ನು ಪೆಟ್ಟಿಗೆಗಳಿಗೆ ತುಂಬಿ ‘ಹರ್ಮಿಯಾ’, ‘ಜೆಸ್ಸಿಕಾ’ ಎಂಬ ಎರಡು ಪುಟ್ಟ ಹಡಗುಗಳಲ್ಲಿ ಲಂಡನ್ನಿಗೆ ಸಾಗಿಸಿದರು. ಕಾಗದದ ಮೇಲೆ ಅದು ಮೂರು ವರ್ಷದ ಸಾಲ. ಆ ಸಾಲ ಹಿಂತಿರುಗಿದ್ದೇ ಇಲ್ಲ.

ಇಲ್ಲಿ ಚೀಟಿ ಬರೆದುಕೊಟ್ಟು ಕಾಯುವ ಪದ್ಧತಿಯಿಲ್ಲ. ಓದುಗರ ಕಾರ್ಡ್ ಇದ್ದರೆ ಕಪಾಟುಗಳ ನಡುವೆ ನಾವೇ ಓಡಾಡಬಹುದು. ಅಪರೂಪದ ಹಳೆಯ ಪ್ರತಿಗಳಿಗೆ ಮಾತ್ರ ಬೀಗ. ಹುಡುಕಿಕೊಂಡು ಬಂದ ಪುಸ್ತಕಕ್ಕಿಂತ ಅದರ ಪಕ್ಕದಲ್ಲಿರುವ, ಹೆಸರೇ ಕೇಳಿರದ ಪುಸ್ತಕವೇ ನಿಮಗೆ ನಿಜವಾಗಿ ಬೇಕಾದದ್ದು ಎಂದು ವಾರ್ಬರ್ಗ್ ನಂಬಿದ್ದ. ಒಳ್ಳೆಯ ನೆರೆಹೊರೆಯ ನಿಯಮ ಎಂದೇ ಅದು ಪ್ರಸಿದ್ಧ. ಹೊಸ ವಿಚಾರ ಹೊಳೆದಾಗಲೆಲ್ಲ ಅವನು ಪುಸ್ತಕಗಳ ಜಾಗ ಬದಲಿಸುತ್ತಿದ್ದನಂತೆ. ಒಂದೇ ಒಂದು ಪುಸ್ತಕ ಬೇಕಾಗಿ ಬಂದವರಿಗೆ ಈ ವ್ಯವಸ್ಥೆ ತಲೆನೋವು, ಅದನ್ನೂ ಹೇಳಬೇಕು. ಹತ್ತು ನಿಮಿಷದ ಕೆಲಸವೆಂದು ಒಳಹೊಕ್ಕವರು ಬೇಗ ಹೊರಬರುವುದಿಲ್ಲ.

ಮೂರನೆಯ ಮಹಡಿಯಲ್ಲಿ ನನ್ನ ಕಾಲು ಹೆಚ್ಚು ಹೊತ್ತು ನಿಂತದ್ದು ಜ್ಯೋತಿಷದ ಕಪಾಟುಗಳೆದುರು. ಕಾರಣವಿದೆ. ಇಟಲಿಯ ಫೆರಾರಾದಲ್ಲಿ ಸ್ಕಿಫನೋಯಾ ಎಂಬ ಅರಮನೆಯಿದೆ. ಅದರ ಗೋಡೆಗಳ ಮೇಲೆ 1469–70ರ ಸುಮಾರಿಗೆ ಹನ್ನೆರಡು ಮಾಸಗಳ ಚಿತ್ರ ಬರೆಸಿದರು. ಮೇಲೆ ಗ್ರೀಕ್ ದೇವತೆಗಳು, ಕೆಳಗೆ ಅಲ್ಲಿನ ದೊರೆಯ ದಿನಚರಿ, ನಡುವಿನ ಪಟ್ಟಿಯಲ್ಲಿ ರಾಶಿಗೆ ಮೂರರಂತೆ ಯಾರೆಂದೇ ತಿಳಿಯದ ವ್ಯಕ್ತಿಗಳು. ಮಾರ್ಚ್ ತಿಂಗಳಲ್ಲಿ, ಮೇಷ ರಾಶಿಯ ಬಳಿ, ಒಬ್ಬ ಕಪ್ಪು ಮನುಷ್ಯ ನಿಂತಿದ್ದಾನೆ: ಹರಿದ ಬಿಳಿಯ ಬಟ್ಟೆ, ಸೊಂಟಕ್ಕೆ ಹಗ್ಗ. ಯಾರಿವನು? 1912ರಲ್ಲಿ ರೋಮ್‌ನಲ್ಲಿ ಕೊಟ್ಟ ಉಪನ್ಯಾಸದಲ್ಲಿ ವಾರ್ಬರ್ಗ್ ಈ ಒಗಟನ್ನು ಬಿಡಿಸಿದ. ಇವನು ವರಾಹಮಿಹಿರನ ಬೃಹಜ್ಜಾತಕದವನು!

ನಮ್ಮ ಜೋಯಿಸರಿಗೆ ದ್ರೇಕ್ಕಾಣ ಗೊತ್ತು. ಒಂದು ರಾಶಿಯ ಮೂವತ್ತು ಡಿಗ್ರಿಯನ್ನು ಹತ್ತು ಹತ್ತರಂತೆ ಮೂರು ಪಾಲು ಮಾಡುವ ಕ್ರಮ. ಆರನೆಯ ಶತಮಾನದ ವರಾಹಮಿಹಿರ ಪ್ರತಿ ದ್ರೇಕ್ಕಾಣಕ್ಕೂ ಒಂದು ರೂಪ ಹೇಳುತ್ತಾನೆ. ಮೇಷದ ಮೊದಲನೆಯದು ಸೊಂಟಕ್ಕೆ ಬಿಳಿ ಬಟ್ಟೆ ಸುತ್ತಿದ, ಕೆಂಗಣ್ಣಿನ, ಕೊಡಲಿ ಎತ್ತಿ ಹಿಡಿದ ಕರಿಯ. ಈ ಕಲ್ಪನೆ ಮೂಲದಲ್ಲಿ ಈಜಿಪ್ಟಿನದು. ಗ್ರೀಕರ ಕೈ ದಾಟಿ ಭಾರತಕ್ಕೆ ಬಂತು, ಇಲ್ಲಿನ ಬಣ್ಣ ಬಟ್ಟೆ ತೊಟ್ಟು ಒಂಬತ್ತನೆಯ ಶತಮಾನದ ಬಾಗ್ದಾದಿನಲ್ಲಿ ಅಬೂ ಮಾಷರ್‌ನ ಗ್ರಂಥ ಸೇರಿತು, ಅನುವಾದದ ಮೇಲೆ ಅನುವಾದವಾಗಿ ಇಟಲಿ ಮುಟ್ಟಿತು. ಕೊಡಲಿ ದಾರಿಯಲ್ಲೆಲ್ಲೋ ಬಿದ್ದುಹೋಯಿತು. ಆ ಕರಿಯನ ಒಳಗೆ ಗ್ರೀಕರ ವೀರ ಪರ್ಸಿಯಸ್ ಅಡಗಿದ್ದಾನೆ ಎಂದೂ ವಾರ್ಬರ್ಗ್ ವಾದಿಸಿದ. ಸಂಸ್ಕೃತ ಜ್ಯೋತಿಷದ ದೊಡ್ಡ ವಿದ್ವಾಂಸ ಡೇವಿಡ್ ಪಿಂಗ್ರಿ 1963ರಲ್ಲಿ ಇದೇ ದ್ರೇಕ್ಕಾಣ ರೂಪಗಳನ್ನು ಕುರಿತು ಬರೆದ ಲೇಖನ ಬಂದದ್ದು ಈ ಸಂಸ್ಥೆಯೂ ಸೇರಿ ಹೊರತರುವ ವಿದ್ವತ್ ಪತ್ರಿಕೆಯಲ್ಲೇ. ಇಟಲಿಯ ಚಿತ್ರಕಲೆಯನ್ನು ಚಿತ್ರಕಲೆಯ ಕಪಾಟಿನಲ್ಲಷ್ಟೇ ಹುಡುಕಿದ್ದರೆ ಈ ಕರಿಯನ ಊರು ಸಿಗುತ್ತಿತ್ತೇ?

ಇಲ್ಲಿ ನನಗೆ ಎಸ್.ಆರ್. ರಂಗನಾಥನ್ ನೆನಪಾದರು. ಮದರಾಸಿನಲ್ಲಿ ಗಣಿತ ಕಲಿಸುತ್ತಿದ್ದ ಅವರು 1924ರಲ್ಲಿ ಗ್ರಂಥಾಲಯ ಶಾಸ್ತ್ರ ಓದಲು ಬಂದದ್ದು ಇಲ್ಲಿಂದ ಕೂಗಳತೆಯಲ್ಲಿರುವ ಯೂನಿವರ್ಸಿಟಿ ಕಾಲೇಜಿಗೆ. ಆಗ ವಾರ್ಬರ್ಗನ ಪುಸ್ತಕಗಳು ಇನ್ನೂ ಹ್ಯಾಂಬರ್ಗಿನಲ್ಲೇ ಇದ್ದವು. ಓದುಗ ಬಯಸಿದ ವಿಷಯ ನಡುವೆ, ಅದರ ಎರಡೂ ಬದಿಗೆ ಹತ್ತಿರದ ನಂಟಿನವು, ಆಚೆಗೆ ದೂರದವು, ಕಪಾಟು ಹೀಗೆ ಹರಡಿಕೊಳ್ಳಬೇಕು ಎಂಬ ತತ್ವವನ್ನು ರಂಗನಾಥನ್ ಕೂಡ ರೂಪಿಸಿದರು. 1962ರಲ್ಲಿ ಬೆಂಗಳೂರಿನಲ್ಲಿ ಅವರು ಕಟ್ಟಿದ ಡಿಆರ್‌ಟಿಸಿ ಎಂಬ ತರಬೇತಿ ಕೇಂದ್ರದಲ್ಲಿ ತಲೆಮಾರುಗಳ ಗ್ರಂಥಪಾಲಕರು ಓದಿ ಹೊರಬಂದರು. ರಂಗನಾಥನ್ನರದು ಯಾವ ಊರಿನ ಗ್ರಂಥಾಲಯಕ್ಕೂ ಒಗ್ಗುವ ಗಣಿತ. ವಾರ್ಬರ್ಗನದು ಒಬ್ಬ ಮನುಷ್ಯನ ಹಟ; ಬೇರೆಡೆ ನಕಲು ಮಾಡಲು ಬಾರದು. ಸಾರ್ವಜನಿಕ ಗ್ರಂಥಾಲಯಕ್ಕೆ ನಾನು ರಂಗನಾಥನ್ನರನ್ನೇ ಆರಿಸಿಕೊಂಡೇನು, ಆದರೆ ಈ ಹಟವೂ ಎಲ್ಲೋ ಒಂದು ಕಡೆ ಉಳಿದಿರಲಿ.

ಉಳಿದದ್ದು ಕೂಡ ಸುಲಭವಾಗಿಯೇನಲ್ಲ. 1944ರಲ್ಲಿ ಲಂಡನ್ ವಿಶ್ವವಿದ್ಯಾಲಯ ಒಂದು ದತ್ತಿಪತ್ರದ ಮೂಲಕ ಸಂಸ್ಥೆಯನ್ನು ತನ್ನದಾಗಿಸಿಕೊಂಡಿತು. ಮುಂದೆ ಕಟ್ಟಡದ ಜಾಗಕ್ಕೆಂದು ಅದು ಹಾಕಿದ ದೊಡ್ಡ ಶುಲ್ಕ ಸಂಸ್ಥೆಯನ್ನು ಕೊರತೆಗೆ ದೂಡಿತು. ಸಂಗ್ರಹ ಒಡೆದು ದೊಡ್ಡ ಗ್ರಂಥಾಲಯದಲ್ಲಿ ಕರಗಿಹೋದೀತೆಂದು ವಿದ್ವಾಂಸರು ದಿಗಿಲುಬಿದ್ದರು. ಮೊಕದ್ದಮೆ ಹೈಕೋರ್ಟಿಗೆ ಹೋಯಿತು. ಸಂಗ್ರಹವನ್ನು ಒಂದಾಗಿಯೇ ಇಟ್ಟು ಕಾಪಾಡುವುದು ವಿಶ್ವವಿದ್ಯಾಲಯದ ಹೊಣೆ ಎಂದು 2014ರಲ್ಲಿ ತೀರ್ಪು ಬಂತು. ಜರ್ಮನಿಯಿಂದ ಹಡಗಿನಲ್ಲಿ ಪಾರಾಗಿ ಬಂದದ್ದಕ್ಕೆ ಲಂಡನ್ನಿನ ಲೆಕ್ಕಪತ್ರವೇ ಗಂಡಾಂತರವಾದದ್ದು ವಿಚಿತ್ರ.

ಬಿಡುವಿದ್ದರೆ ಛಾಯಾಚಿತ್ರ ಸಂಗ್ರಹಕ್ಕೂ ಹೋಗಿ. ಸುಮಾರು ನಾಲ್ಕು ಲಕ್ಷ ಚಿತ್ರಗಳು ಬೀರುಗಳಲ್ಲಿವೆ. ಚಿತ್ರಕಾರನ ಹೆಸರಿನ ಪ್ರಕಾರವಲ್ಲ, ಚಿತ್ರದಲ್ಲಿ ಏನಿದೆ ಎಂಬುದರ ಪ್ರಕಾರ ಅವನ್ನು ಜೋಡಿಸಿದ್ದಾರೆ. ಒಂದಷ್ಟು ಇಂಟರ್‌ನೆಟ್ಟಿಗೂ ಏರಿವೆ. ಆದರೆ ಬೇಲೂರು, ಬಾದಾಮಿಯ ನಿರೀಕ್ಷೆ ಇಟ್ಟುಕೊಂಡು ಹೋಗಬೇಡಿ. ಗ್ರೀಕ್, ರೋಮನ್ ಕಾಲದ ಕಥೆ, ರೂಪಗಳು ಮುಂದೆ ಏನಾದವು ಎಂಬುದೇ ಈ ಮನೆಯ ಮೂಲ ಪ್ರಶ್ನೆ. ಭಾರತ ಬರುವುದು ಆ ದಾರಿಯಲ್ಲಿ ಸಿಕ್ಕಾಗ ಮಾತ್ರ. ಭಾರತವನ್ನೇ ಓದಬೇಕೆನ್ನುವವರಿಗೆ ಹತ್ತಿರದಲ್ಲೇ ಸ್ಕೂಲ್ ಆಫ್ ಓರಿಯಂಟಲ್ ಅಂಡ್ ಆಫ್ರಿಕನ್ ಸ್ಟಡೀಸ್‌ನ ಗ್ರಂಥಾಲಯವಿದೆ. ಕನ್ನಡದ ಪುಸ್ತಕಗಳೂ ಅಲ್ಲಿ ಸಿಗುತ್ತವೆ.