ಪಾಸ್‌ಬುಕ್ಕು ಯಾರ ಹೆಸರಿನಲ್ಲಿದೆ?

ಮಕ್ಕಳೇ, ನಾನು 36 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಬಿ.ಕಾಂ. ಮುಗಿಸಿ ಸೇರಿದ ಮೇಲೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಊರುಗಳ ಕೌಂಟರುಗಳಲ್ಲೇ ನನ್ನ ನೌಕರಿ ಮುಗಿಯಿತು. ನಾನು ಸೇರಿದಾಗ ಕಂಪ್ಯೂಟರ್ ಇರಲಿಲ್ಲ. ದೊಡ್ಡ ಲೆಡ್ಜರಿನಲ್ಲಿ ಕೈಯಿಂದ ಬರೆಯುತ್ತಿದ್ದೆವು, ಗಿರಾಕಿಯ ಪಾಸ್‌ಬುಕ್ಕಿಗೂ ಕೈಯಿಂದಲೇ ಇಳಿಸುತ್ತಿದ್ದೆವು. ಸಂಜೆ ಲೆಕ್ಕ ತಾಳೆಯಾಗುವವರೆಗೆ ಮನೆಗೆ ಹೋಗುವಂತಿರಲಿಲ್ಲ. ಒಂದು ರೂಪಾಯಿ ಹೆಚ್ಚಾದರೂ ತಪ್ಪು, ಕಡಿಮೆಯಾದರೂ ತಪ್ಪು.

ಇಂಥ ನನ್ನ ಮನೆಯಲ್ಲೇ ಹೋದ ವರ್ಷ ಸುಳ್ಳು ಲೆಕ್ಕ ಹುಟ್ಟಿತು. ಬರೆದವನು ಆರನೇ ತರಗತಿಯ ನನ್ನ ಮೊಮ್ಮಗ. ಬರೆಸಿದವನು ನಾನು.

ಗಣಿತದಲ್ಲಿ ಅವನಿಗೆ ಅಂಕ ಕಡಿಮೆ ಬಂದಿದ್ದವು. ನಾನು ಹಾಳೆಯ ಮೇಲೆ ಸ್ಕೇಲು ಹಿಡಿದು ಕೆಂಪು, ನೀಲಿ ಗೆರೆ ಎಳೆದು ಚಂದದ ಚಾರ್ಟು ಮಾಡಿದೆ. ದಿನಕ್ಕೆ ಇಪ್ಪತ್ತು ಲೆಕ್ಕ, ಎರಡು ಪುಟ ಶುದ್ಧ ಬರಹ, ಒಂದು ಮಗ್ಗಿ, ಹತ್ತು ಇಂಗ್ಲಿಷ್ ಶಬ್ದ. ಮಾಡಿದ್ದಕ್ಕೆ ಟಿಕ್ ಹಾಕಬೇಕು. ನಾಲ್ಕು ವಾರ ಚಾರ್ಟಿನ ತುಂಬ ಟಿಕ್ಕೇ ಟಿಕ್ಕು! ಬಂದವರಿಗೆಲ್ಲ ತೋರಿಸಿ ಹಿಗ್ಗಿದೆ.

ಒಂದು ಸಂಜೆ ಸುಮ್ಮನೆ ಕೇಳಿದೆ: "48ರ ಮುಕ್ಕಾಲು ಎಷ್ಟಪಾ?" ಹುಡುಗ ನೆಲ ನೋಡಿದ. ನೋಟುಬುಕ್ಕು ತೆಗೆಸಿದೆ. ಹನ್ನೆರಡು ದಿನದ ಲೆಕ್ಕವೇ ಇಲ್ಲ, ಚಾರ್ಟಿನಲ್ಲಿ ಮಾತ್ರ ಟಿಕ್ ಇವೆ. ನಾನು ದನಿ ಏರಿಸಿದೆ. ಅವನು ಅಳಲಿಲ್ಲ.

"ಅದು ನಿನ್ನ ಚಾರ್ಟು ಅಜ್ಜಾ. ನಿನಗ ಟಿಕ್ ಬೇಕಿತ್ತು, ಹಾಕೀನಿ," ಅಂದ.

ದಿನಾ ಊಟಕ್ಕೆ ನನ್ನ ಪಕ್ಕ ಕೂರುತ್ತಿದ್ದವನು ಆ ರಾತ್ರಿಯಿಂದ ತಟ್ಟೆ ಹಿಡಿದು ಅಡುಗೆಮನೆಗೆ ಹೋದ. ಅಂಕ ಕಡಿಮೆ ಬಂದದ್ದಕ್ಕಿಂತ ಅದು ನನಗೆ ಹೆಚ್ಚು ನೋವಾಯಿತು.

ದಾರಿ ತೋರಿಸಿದವಳು ಅವನ ತಂಗಿ. ಅವಳು ಸರ್ಕಾರಿ ಶಾಲೆಯಲ್ಲಿ ಎರಡನೇ ತರಗತಿ. ಒಂದು ದಿನ ಅವಳ ಆಯಿ, "ಸಾಲ್ಯಾಗ ಎಲ್ಲೀತನಕಾ ಬಂತವ್ವಾ?" ಎಂದು ಕೇಳಿದಳು. ಆ ಪುಟ್ಟಿ ತಡವರಿಸದೆ, "ಮುಂದಿನ ಮೈಲಿಗಲ್ಲಿಗೆ ಹೋಗಬೇಕಂದ್ರ ಇನ್ನ ಮೂರು ಕಾರ್ಡು ಅದಾವ ಆಯಿ," ಅಂದಳು. ತಾನು ಎಲ್ಲಿದ್ದೇನೆ, ಮುಂದೆ ಎಲ್ಲಿಗೆ ಹೋಗಬೇಕು ಎಂಬುದು ಆ ಮಗುವಿಗೆ ಬೆರಳ ತುದಿಯಲ್ಲಿತ್ತು.

ಅದು ನಲಿ-ಕಲಿ ಪದ್ಧತಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಇದು ಶುರುವಾಯಿತು. ಅಲ್ಲಿಯ ಶಿಕ್ಷಕರು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿವ್ಯಾಲಿಗೆ ಹೋಗಿ, ಹಳ್ಳಿಯ ಮಕ್ಕಳು ಕಾರ್ಡು ಹಿಡಿದು ತಾವಾಗಿಯೇ ಕಲಿಯುವುದನ್ನು ನೋಡಿ ಬಂದು, ಅದನ್ನು ನಮ್ಮ ಶಾಲೆಗಳಿಗೆ ಒಗ್ಗಿಸಿದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಚಿಕ್ಕ ತರಗತಿಗಳಿಗೆಲ್ಲ ಬಂತು. ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲು ಮಾಡಿ ಒಂದು ಕಲಿಕಾ ಏಣಿ ಮಾಡಿರುತ್ತಾರೆ. ಮೆಟ್ಟಿಲುಗಳಿಗೆ ಚಿತ್ರದ ಗುರುತು ಇರುತ್ತದೆ. ಮಗು ಏಣಿಯಲ್ಲಿ ತನ್ನ ಮೆಟ್ಟಿಲು ಹುಡುಕಿ, ಆ ಗುರುತಿನ ಕಾರ್ಡನ್ನು ತಾನೇ ತೆಗೆದುಕೊಂಡು ತನ್ನ ಗುಂಪಿನಲ್ಲಿ ಕೂರುತ್ತದೆ. ಎಷ್ಟು ಮುಗಿಯಿತು ಎಂಬುದು 'ಪ್ರಗತಿ ನೋಟ'ದಲ್ಲಿ ಕಾಣುತ್ತದೆ.

ನಮ್ಮ ಕಡೆ ದುಡಿಯಲು ಗುಳೆ ಹೋಗುವವರ ಜೊತೆ ಮಕ್ಕಳೂ ಹೋಗಿಬಿಡುತ್ತಾರೆ. ತಿರುಗಿ ಬಂದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತಬಹುದು. ಲೆಡ್ಜರಿನ ಪುಟ ತಿರುವಿದಾಗ ಹಿಂದಿನ ಬಾಕಿಯನ್ನು ಮುಂದಿನ ಪುಟಕ್ಕೆ ತರುತ್ತಿದ್ದೆವಲ್ಲ, ಹಾಗೆ. ಯಾರ ಖಾತೆಯೂ ಸೊನ್ನೆಗೆ ಇಳಿಯುವುದಿಲ್ಲ.

ಪುಟ್ಟಿಯ ಮಾತು ಕೇಳಿ ನನಗೆ ಬೀಳಗಿಯ ಒಬ್ಬ ಮುದುಕಿ ನೆನಪಾದಳು. ಆಲಮಟ್ಟಿ ಹಿನ್ನೀರಿಗೆ ಹೊಲ ಹೋಗಿ, ಪರಿಹಾರದ ಹಣ ಅವಳ ಖಾತೆಯಲ್ಲಿತ್ತು. ಬಂದಾಗಲೆಲ್ಲ ಹೆಬ್ಬೆಟ್ಟು. ಒಂದು ದಿನ, "ಇನ್ನ ಹೆಬ್ಬೆಟ್ಟು ಸಾಕ್ರಿ ಸಾಹೇಬ್ರ. ಸಹಿ ಕಲೀತೀನಿ. ಬಂದಾಗೊಮ್ಮೆ ಒಂದ ಅಕ್ಷರ," ಅಂದಳು. ಮೊಮ್ಮಗಳ ಪಾಟಿಯ ಮೇಲೆ ಕಲಿತು ಬಂದು, ರದ್ದಿ ಚೀಟಿಯ ಹಿಂದೆ ನನ್ನೆದುರು ಬರೆದು ತೋರಿಸುವಳು. ಸೊಟ್ಟಗಾದರೆ, "ಇದು ಜಮಾ ಆಗಲಿಲ್ಲ ಬಿಡ್ರಿ," ಎಂದು ತಾನೇ ಹೇಳುವಳು. ಅವಳ ಹೆಸರಿಗೆ ನಾಲ್ಕೇ ಅಕ್ಷರ, ಹಿಡಿದದ್ದು ಏಳು ತಿಂಗಳು. ಮಾದರಿ ಸಹಿಯ ಹೊಸ ಕಾರ್ಡು ತೆಗೆದ ದಿನ ನಾವೆಲ್ಲ ಅವಳ ಸುತ್ತ ನಿಂತಿದ್ದೆವು. ಅವಳಿಗೆ ಗುರಿ ಹಾಕಿಕೊಟ್ಟವರು ಯಾರೂ ಇರಲಿಲ್ಲ, ಚಾರ್ಟೂ ಇರಲಿಲ್ಲ.

ಮರುದಿನವೇ ನನ್ನ ಚಾರ್ಟು ಹರಿದೆ. ಮೊಮ್ಮಗನನ್ನು ಕರೆದು, "ತಪ್ಪು ನಂದಪಾ," ಅಂದೆ. ನಲವತ್ತು ಪುಟದ ನೋಟುಬುಕ್ಕು ಕೊಟ್ಟು, "ಇದು ನಿನ್ನ ಪಾಸ್‌ಬುಕ್ಕು. ನಿನ್ನ ಹೆಸರು ಬರಿ. ಏನ್ ಕಲೀಬೇಕನ್ನೂದು ನೀನ ಹೇಳು," ಅಂದೆ. ಎರಡು ದಿನ ಯೋಚಿಸಿ ಅವನು ಬರೆದದ್ದು ಒಂದೇ ಸಾಲು: 'ಭಿನ್ನರಾಶಿ ಕೂಡಿಸಲು ಬರಬೇಕು.' "ಇಷ್ಟೇನಾ?" ಎನ್ನುವ ಮಾತು ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ನಾಲ್ಕು ಕಾಲಂ ಹಾಕಿಕೊಂಡ: ತಾರೀಖು, ಮಾಡಿದ್ದು, ಬಂದದ್ದು, ಬರಲಿಲ್ಲ. ಬ್ಯಾಂಕಿನ ಎರಡು ನಿಯಮ ಹೇಳಿಕೊಟ್ಟೆ. ತಪ್ಪು ಬರೆದರೆ ಒರೆಸಬಾರದು, ಒಂದು ಗೆರೆ ಎಳೆದು ಮೇಲೆ ಸರಿಯಾದದ್ದನ್ನು ಬರೆದು ಸಣ್ಣ ಸಹಿ ಹಾಕಬೇಕು. ಬರೆಯುವವನು ಒಬ್ಬ, ತಾಳೆ ನೋಡುವವನು ಇನ್ನೊಬ್ಬ. ಬರೆಯುವ ಕೆಲಸ ಅವನದು, ರವಿವಾರ ತಾಳೆ ನೋಡುವುದಷ್ಟೇ ನನ್ನದು.

ಮೊದಲ ವಾರ 'ಬರಲಿಲ್ಲ' ಕಾಲಂ ತುಂಬಿತ್ತು. ಎರಡನೆಯ ವಾರ ಒಂದು ಸಾಲು ಕಂಡಿತು: 'ಛೇದ ಬೇರೆ ಇದ್ದರೆ ಬರುವುದಿಲ್ಲ.' ಅದನ್ನು ಓದಿ ನನಗೆ ಖುಷಿಯಾಯಿತು. ನಾಲ್ಕು ವಾರದ ಟಿಕ್ಕುಗಳು ಹೇಳದ ನಿಜವನ್ನು ಆ ಸಾಲು ಹೇಳಿತ್ತು. ಎಲ್ಲಿ ಸಿಕ್ಕಿಕೊಂಡಿದ್ದಾನೆಂದು ಗೊತ್ತಾದ ಮೇಲೆ ಬಿಡಿಸುವುದು ಕಷ್ಟವಾಗಲಿಲ್ಲ. ಅವರ ಆಯಿ ಜೋಳದ ರೊಟ್ಟಿಯನ್ನು ಆರು ಸಮ ತುಂಡು ಮಾಡಿಕೊಟ್ಟಳು. ಅರ್ಧ ರೊಟ್ಟಿ ಎಂದರೆ ಮೂರು ತುಂಡು, ಮೂರನೆಯ ಒಂದು ಭಾಗ ಎಂದರೆ ಎರಡು ತುಂಡು. "ಅಜ್ಜಾ, ಆರರಾಗ ಐದು!" ಎಂದು ಕೂಗಿದ. ಆ ಐದು ತುಂಡನ್ನು ನನ್ನ ಪಕ್ಕದಲ್ಲೇ ಕೂತು ತಿಂದ.

ಪರೀಕ್ಷೆಯಲ್ಲಿ ಅವನೇನೂ ಮೊದಲ ನಂಬರ್ ಬರಲಿಲ್ಲ. ಆದರೆ ಪ್ರಶ್ನೆಪತ್ರಿಕೆ ತಂದು, "ಈ ಮೂರು ಬರಲಿಲ್ಲ. ಮುಂದಿನ ಪುಟಕ್ಕ ತಗೋತೀನಿ," ಅಂದ. ನನಗೆ ಅಷ್ಟು ಸಾಕು.

ಅಜ್ಜ-ಅಜ್ಜಿಯರೇ, ನನ್ನ ಓರಗೆಯವರಿಗೆ ಒಂದು ಮಾತು. ಗುರಿ ಮಗುವಿನದಾಗಿರಲಿ, ಸಣ್ಣದಿರಲಿ, ಒಂದು ಸಲಕ್ಕೆ ಒಂದೇ ಇರಲಿ. ಮುಧೋಳದ ಕಬ್ಬಿನ ರೈತರು ಬಿಲ್ಲು ಬಂದಾಗ ದೊಡ್ಡ ಗಂಟು ತಂದು ಇಡುತ್ತಿದ್ದರು. ರಬಕವಿ-ಬನಹಟ್ಟಿಯ ನೇಕಾರರು ಮಜೂರಿಯಲ್ಲಿ ಉಳಿಸಿದ ಹತ್ತೋ ಇಪ್ಪತ್ತೋ ರೂಪಾಯಿಯನ್ನು ವಾರವಾರ ತಂದು ಕಟ್ಟಿ, ಪಾಸ್‌ಬುಕ್ಕಿನ ಕೊನೆಯ ಅಂಕಿ ನೋಡಿಕೊಂಡೇ ಹೋಗುತ್ತಿದ್ದರು. ವಿದ್ಯೆಗೆ ನೇಕಾರರ ರೀತಿಯೇ ಸರಿ. ಮತ್ತೆ, 'ಬರಲಿಲ್ಲ' ಎಂದು ಬರೆದ ಮಗುವನ್ನು ಬೈಯಬೇಡಿ. ಒಮ್ಮೆ ಬೈದರೆ ಮರುದಿನದಿಂದ ಸುಳ್ಳು ಟಿಕ್ಕು ಶುರುವಾಗುತ್ತದೆ.

ಮಕ್ಕಳೇ, ನಿಮಗೂ ಒಂದು ಮಾತು. ಇವತ್ತೇ ಒಂದು ಸಣ್ಣ ನೋಟುಬುಕ್ಕಿನ ಮೇಲೆ ನಿಮ್ಮ ಹೆಸರು ಬರೆಯಿರಿ. ಒಂದೇ ಒಂದು ಗುರಿ ಬರೆಯಿರಿ. ತಾಳೆ ನೋಡಲು ಮನೆಯ ಹಿರಿಯರೊಬ್ಬರನ್ನು ನೀವೇ ಆರಿಸಿಕೊಳ್ಳಿ.

ನನ್ನ ಹೆಸರಿನಲ್ಲೂ ಈಗ ಒಂದು ಪಾಸ್‌ಬುಕ್ಕಿದೆ. ಮೊಮ್ಮಗನೇ ಮಾಡಿಸಿದ. ಗುರಿ: 'ಫೋನಿನಿಂದ ಕರೆಂಟ್ ಬಿಲ್ಲು ತುಂಬಲು ಬರಬೇಕು.' 36 ವರ್ಷ ಊರಿನವರ ಹಣ ಎಣಿಸಿದವನ 'ಬರಲಿಲ್ಲ' ಕಾಲಂನಲ್ಲಿ ಈಗಾಗಲೇ ಮೂರು ಸಾಲು ಸೇರಿವೆ. ಮೂರಕ್ಕೂ ತಾಳೆ ನೋಡಿ ಮೊಮ್ಮಗ ಸಣ್ಣ ಸಹಿ ಹಾಕಿದ್ದಾನೆ. ಬೈದಿಲ್ಲ.