ನಿಮಗಿದು ಗೊತ್ತೆ? ಇಲ್ಲಿ ರಾಜನ ಮಗ ರಾಜನಾಗುತ್ತಿರಲಿಲ್ಲ!

ಮಲಯಾಳ ನಾಡಿನ ತಿರುವಾಂಕೂರು, ಕೊಚ್ಚಿ ಎರಡೂ ಅರಮನೆಗಳಲ್ಲಿ ಪಟ್ಟ ಮಗನಿಗಲ್ಲ, ತಾಯಿಯ ಕಡೆಯ ವಂಶಕ್ಕೆ. ತುಳುನಾಡಿನ ಅಳಿಯಸಂತಾನದ ಹಾಗೆಯೇ. 1729ರಲ್ಲಿ ತಿರುವಾಂಕೂರಿನ ಗದ್ದುಗೆ ಏರಿದ ಮಾರ್ತಾಂಡ ವರ್ಮ ಹಿಂದಿನ ದೊರೆ ರಾಮವರ್ಮನ ಸೋದರಳಿಯ. 1758ರಲ್ಲಿ ಅವನ ನಂತರ ಬಂದ ‘ಧರ್ಮರಾಜ’ ಕಾರ್ತಿಕ ತಿರುನಾಳ್ ಕೂಡ ಸೋದರಳಿಯನೇ. ಈ ಮನೆತನಕ್ಕೆ ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಿಲ್ಲ ಎಂಬುದೇ ದೊಡ್ಡ ಚಿಂತೆ. ಹಾಗಾದಾಗ ಉತ್ತರದ ಕೋಲತ್ತುನಾಡಿನಿಂದ ರಾಜಕುಮಾರಿಯರನ್ನು ದತ್ತು ತರುತ್ತಿದ್ದರು. ಕೊಚ್ಚಿಯಲ್ಲಿ ಕುಟುಂಬದ ಹಿರಿಯ ಗಂಡಸಿಗೆ ಪಟ್ಟ. ಮುಪ್ಪಿನಲ್ಲಿ ರಾಜರಾದವರೂ ಅಲ್ಲಿದ್ದಾರೆ.

ಇದರಿಂದ ಜಗಳ ಹುಟ್ಟಲಿಲ್ಲವೇ ಎಂದು ಕೇಳಬಹುದು. ರಾಮವರ್ಮನ ಮಕ್ಕಳಾದ ತಂಬಿ ಸೋದರರು ಮಾರ್ತಾಂಡ ವರ್ಮನ ವಿರುದ್ಧ ಕತ್ತಿ ಮಸೆದದ್ದು ನಿಜ. ಆದರೆ ತಪ್ಪನ್ನೆಲ್ಲ ಪದ್ಧತಿಯ ತಲೆಗೆ ಕಟ್ಟುವುದು ಅವಸರದ ಮಾತು. ಮಕ್ಕಳಿಗೇ ರಾಜ್ಯ ಎನ್ನುತ್ತಿದ್ದ ಸ್ಪೇನಿನ ಕ್ಯಾಸ್ಟೀಲ್‌ ಕಥೆ ನೋಡಿ. ಮಗಳು ಹುವಾನಾ ದೊರೆಗೆ ಹುಟ್ಟಿದವಳೇ ಅಲ್ಲವೆಂದು ನಾಲ್ಕನೆಯ ಹೆನ್ರಿಯ ವಿರೋಧಿಗಳು ಗುಲ್ಲೆಬ್ಬಿಸಿದ್ದರು. 1474ರಲ್ಲಿ ಅವನು ತೀರಿಕೊಂಡಾಗ ಮಲತಂಗಿ ಇಸಾಬೆಲ್ ಪಟ್ಟ ಏರಿದಳು, 1479ರ ತನಕ ಯುದ್ಧ ನಡೆಯಿತು. ತಾಯಿಯಿಂದ ವಂಶ ಎಣಿಸಿದ ಮಲಯಾಳದ ಅರಮನೆಗಳಲ್ಲಿ ಅಂಥ ಅನುಮಾನಕ್ಕೆ ಜಾಗವೇ ಇರಲಿಲ್ಲ. 2013ರಲ್ಲಿ ಉತ್ರಾಡಂ ತಿರುನಾಳ್ ತೀರಿಕೊಂಡ ಮೇಲೆ ತಿರುವಾಂಕೂರು ಮನೆತನದ ಹಿರಿತನ ಬಂದದ್ದೂ ಸೋದರಳಿಯ ಮೂಲಂ ತಿರುನಾಳ್ ರಾಮವರ್ಮ ಅವರಿಗೆ.