ಹಡಗಿಗೆ ಟಾರ್ಪೆಡೊ ತಗುಲಿದರೆ ನಷ್ಟ ಯಾರದು?

1942ರ ಆಗಸ್ಟ್ 12ರಂದು ಮಾಲ್ಟಾ ದ್ವೀಪಕ್ಕೆ ಇಂಧನ ಒಯ್ಯುತ್ತಿದ್ದ 'ಓಹಿಯೊ' ಟ್ಯಾಂಕರಿಗೆ ಇಟಲಿಯ ಜಲಾಂತರ್ಗಾಮಿ 'ಆಕ್ಸುಮ್' ಟಾರ್ಪೆಡೊ ಹೊಡೆಯಿತು. ಬಳಿಕ ವಿಮಾನದಾಳಿಗೂ ಸಿಕ್ಕಿ ಯಂತ್ರ ನಿಂತ ಹಡಗನ್ನು ಯುದ್ಧನೌಕೆಗಳು ಇಕ್ಕೆಲದಲ್ಲಿ ಬಿಗಿದುಕೊಂಡು 15ರಂದು ಬಂದರು ಸೇರಿಸಿದವು. ಸರಕಿನ ಬಹುಭಾಗ ಉಳಿಯಿತು.

ವಾಣಿಜ್ಯ ಯಾನದಲ್ಲಿ ಹೀಗಾದರೆ, ಸ್ಫೋಟದ ನೇರ ಹಾನಿ ಆಯಾ ಮಾಲೀಕರದೇ. ಆದರೆ ಹಡಗು, ಸರಕು ಎರಡನ್ನೂ ಉಳಿಸಲು ತಗುಲಿದ ವೆಚ್ಚವು 'ಜನರಲ್ ಆವರೇಜ್' ಎನಿಸಿ, ಉಳಿದ ಸ್ವತ್ತಿನ ಮೌಲ್ಯಾನುಸಾರ ಎಲ್ಲರಿಗೂ ಹಂಚಿಕೆಯಾಗುತ್ತದೆ. ತಮ್ಮ ಮಾಲು ಕಿಂಚಿತ್ತೂ ಕೆಡದವರು ಸಹ ಭರವಸೆ ಪತ್ರ ನೀಡಿಯೇ ಅದನ್ನು ಬಿಡಿಸಿಕೊಳ್ಳಬೇಕು. ಹಲವು ವರ್ತಕರಿಗೆ ಇದು ಅನಿರೀಕ್ಷಿತ.

'ಎಲ್ಲ ಅಪಾಯ'ಗಳ ಸಾಗರ ವಿಮೆಯೂ ಸಾಮಾನ್ಯವಾಗಿ ಯುದ್ಧದ ಹಾನಿಯನ್ನು ಹೊರಗಿಡುತ್ತದೆ. ಪ್ರತ್ಯೇಕವಾಗಿ ಪಡೆದ ಯುದ್ಧ ವಿಮೆಯಾದರೂ ಸರಕು ಹಡಗೇರಿದ ಮೇಲಷ್ಟೇ ಜಾರಿಗೆ ಬರುತ್ತದೆ, ಗೋದಾಮಿನಲ್ಲಿರುವಾಗ ಅಲ್ಲ.